ತೋಟದಡಿಯ ಇಂಧನ ಕೊಳವೆ

ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ 2015ರಲ್ಲಿ ಅನಿಲ ಟ್ಯಾಂಕರ್ ಉರುಳಿ, ಸೋರಿದ ಅನಿಲ ಹೊತ್ತಿಕೊಂಡು ಹಲವರು ಜೀವ ಕಳೆದುಕೊಂಡರು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಇನ್ನೊಂದು ಟ್ಯಾಂಕರ್ ಗಂಗಾವಳಿ ನದಿಯ ಪಾಲಾಯಿತು. ಇಂಧನ ಸಾಗಿಸಲು ಹೆದ್ದಾರಿಗಿಂತ ಕೊಳವೆ ಸುರಕ್ಷಿತ ಎಂಬುದನ್ನು ಉತ್ತರ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಕೊಳವೆ ಬಂದಾಗ ಕಣ್ಣುಮುಚ್ಚಿ ಸಹಿ ಹಾಕುವುದೂ ಬೇಡ. ಟ್ಯಾಂಕರ್ ಹಾದು ಹೋಗುತ್ತದೆ, ಕೊಳವೆ ದಶಕಗಳ ಕಾಲ ನೆಲದಡಿಯಲ್ಲೇ ಇರುತ್ತದೆ.

ಇದಕ್ಕೆ ಅನ್ವಯಿಸುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆ. ಭೂಮಿಯ ಒಡೆತನ ರೈತನದೇ. ಕಂಪನಿಗೆ ಸಿಗುವುದು ಬಳಕೆಯ ಹಕ್ಕು. ಅಧಿಸೂಚನೆಯ ನಂತರ ಆಕ್ಷೇಪಣೆಗೆ 21 ದಿನಗಳ ಅವಕಾಶವಿದೆ. ಕೊಳವೆ ಹೂತ ಮೇಲೆ ಅದು ಹಾದುಹೋಗುವ ನೆಲದ ಪಟ್ಟಿಯಲ್ಲಿ ಭತ್ತ, ಶೇಂಗಾ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆಹಾನಿಯ ಪರಿಹಾರ ಬಿಟ್ಟರೆ, ಈ ಹಕ್ಕಿಗಾಗಿ ಸಿಗುವುದು ಭೂಮಿಯ ಮಾರುಕಟ್ಟೆ ಬೆಲೆಯ ಶೇ. 10 ಮಾತ್ರ. ತೆಂಗು, ಅಡಿಕೆ ನಂಬಿ ಬದುಕುವ ಊರಿಗೆ ಇದು ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ. ಮೊತ್ತ ಒಪ್ಪಿಗೆಯಾಗದವರು ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಇನ್ನು ಕೊಳವೆಯ ಉಕ್ಕಿನ ಕಥೆ. ಅಘನಾಶಿನಿ ನದಿಯ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಗಳಂಥ ಉಪ್ಪು ಮಣ್ಣು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುತ್ತದೆ. ಕಬ್ಬಿಣದ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಮಣ್ಣಿಗೆ ಕರಗುವುದೇ ತುಕ್ಕಿನ ಮೊದಲ ಹೆಜ್ಜೆ. ಅಂಥ ನೆಲದಲ್ಲಿ ಅದು ಬೇಗ ನಡೆಯುತ್ತದೆ. ಅದಕ್ಕೇ ಕೊಳವೆಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಾರೆ. ಹೊದಿಕೆ ತರಚಿದಲ್ಲಿ ಕಾಯಲು ಸಣ್ಣ ವಿದ್ಯುತ್ ಪ್ರವಾಹವನ್ನು ಸತತವಾಗಿ ಹರಿಸುತ್ತಾರೆ, ಇಲ್ಲವೇ ಪಕ್ಕದಲ್ಲಿ ಮೆಗ್ನೀಸಿಯಂ ತುಂಡುಗಳನ್ನು ಹೂಳುತ್ತಾರೆ. ಮೆಗ್ನೀಸಿಯಂ ತಾನು ಕರಗುತ್ತಾ ಉಕ್ಕಿಗೆ ಎಲೆಕ್ಟ್ರಾನ್ ಒದಗಿಸುತ್ತದೆ. ದಾರಿಯುದ್ದಕ್ಕೂ ಕಾಣುವ ಪರೀಕ್ಷಾ ಕಂಬಗಳಲ್ಲಿ ಸಿಬ್ಬಂದಿ ಅಳೆಯುವುದು ಇದನ್ನೇ: ಅಳತೆಗೆ ಆಧಾರವಾಗಿ ಮಣ್ಣಿಗೆ ತಾಗಿಸುವ ತಾಮ್ರದ ಸಲ್ಫೇಟ್ ವಿದ್ಯುದ್ವಾರಕ್ಕೆ ಹೋಲಿಸಿದರೆ ಕೊಳವೆ ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣವಾಗಿರಬೇಕು. ಆ ಕಂಬಕ್ಕೆ ಎಮ್ಮೆ ಕಟ್ಟಬೇಡಿ, ಕಿತ್ತು ಬೇಲಿಗೂ ಬಳಸಬೇಡಿ.

ಸೋರಿಕೆ ಪತ್ತೆಗೆ ಮೂಗೊಂದನ್ನೇ ನೆಚ್ಚಿ ಕೂರಬಾರದು. ಅಡುಗೆ ಅನಿಲದ ನಾತ ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ಎಂಬ ಗಂಧಕದ ರಾಸಾಯನಿಕದ್ದು. ದೂರ ಸಾಗುವ ಮುಖ್ಯ ಕೊಳವೆಯ ನೈಸರ್ಗಿಕ ಅನಿಲಕ್ಕೆ ವಾಸನೆ ಇಲ್ಲದಿರಬಹುದು. ಬುಸುಗುಡುವ ಸದ್ದು, ನೀರು ನಿಂತ ಗದ್ದೆಯಲ್ಲಿ ಒಂದೇ ಕಡೆ ಏಳುವ ಗುಳ್ಳೆ, ಹಸಿರಿನ ನಡುವೆ ಒಣಗಿದ ಹುಲ್ಲಿನ ಪಟ್ಟಿ, ಇವನ್ನು ಗಮನಿಸಿ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರುತ್ತದೆ. ಎಲ್‌ಪಿಜಿ ಭಾರ, ಹಳ್ಳ, ಬಾವಿಗಳಿಗೆ ಇಳಿದು ಕೂರುತ್ತದೆ. ಅನುಮಾನ ಬಂದರೆ ಸ್ಕೂಟರ್ ಚಾಲೂ ಮಾಡದೆ, ಗಾಳಿ ಬರುವ ದಿಕ್ಕಿಗೆ ನಡೆದು, ದೂರ ಹೋದ ಮೇಲೆ ಸೂಚನಾ ಫಲಕದ ಸಂಖ್ಯೆಗೆ ಕರೆ ಮಾಡಿ.

ಆ ಕರೆಗೆ ಬೆಲೆ ಸಿಗುವುದೂ ಮುಖ್ಯ. ಆಂಧ್ರದ ನಗರಂ ಗ್ರಾಮದಲ್ಲಿ ಸೋರಿಕೆಯ ಬಗ್ಗೆ ಊರವರು ಮೊದಲೇ ದೂರಿದ್ದರು. 2014ರ ಜೂನ್ 27ರ ನಸುಕಿನಲ್ಲಿ ಕೊಳವೆ ಸ್ಫೋಟಿಸಿತು. ದೂರು ಕೊಟ್ಟ ದಿನ, ಹೊತ್ತುಗಳನ್ನು ಬರೆದಿಟ್ಟು ಅದರ ಒಂದು ನಕಲನ್ನು ಪಂಚಾಯಿತಿಗೂ ಕೊಡಿ.