20ಕ್ಕೆ 18 ಬಂದರೂ ಆಡಿಷನ್‌ನಲ್ಲಿ ನನ್ನನ್ನು ಯಾಕೆ ಆರಿಸಲಿಲ್ಲ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕಾಂಪಿಟೇಟಿವ್ ಪರೀಕ್ಷೆಗೆ ಓದುತ್ತಿದ್ದೇನೆ. ಗೆಳೆಯನ ಜೊತೆ ಒಂದು ಟಿವಿ ಕ್ವಿಜ್ ಶೋ ಆಡಿಷನ್‌ಗೆ ಹೋಗಿದ್ದೆ. ಟೆಸ್ಟ್‌ನಲ್ಲಿ ನನಗೆ 20ಕ್ಕೆ 18, ಅವನಿಗೆ 13. ಕರೆ ಬಂದದ್ದು ಮಾತ್ರ ಅವನಿಗೆ. ಇದರಲ್ಲೂ ವಶೀಲಿ ನಡೆಯುತ್ತದಾ? ಇಲ್ಲಾ ನಾನೇ ಏನಾದರೂ ತಪ್ಪು ಮಾಡಿದೆನಾ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಊರು ಬದಲಾಗುತ್ತದೆ, ಅಂಕ ಬದಲಾಗುತ್ತದೆ, ಒಮ್ಮೆ ಗದಗದವರು ಕೇಳಿದರೆ ಇನ್ನೊಮ್ಮೆ ರಾಣೆಬೆನ್ನೂರಿನವರು ಕೇಳುತ್ತಾರೆ, ಸಿಟ್ಟು ಮಾತ್ರ ಎಲ್ಲರದ್ದೂ ಒಂದೇ. ಸಪ್ತಾಪುರದವರದ್ದು ಸ್ವಲ್ಪ ಜಾಸ್ತಿ. ಅದೂ ಸಹಜವೇ, ದಿನಕ್ಕೆ ಹತ್ತು ತಾಸು ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವವರಿಗೆ ಟಿವಿಯಲ್ಲಿ ಕೇಳುವ ಮೊದಲ ಐದು ಪ್ರಶ್ನೆ ನೋಡಿದರೆ ನಗು ಬರದೇ ಇರುತ್ತದಾ?

ನೇರವಾಗಿ ಹೇಳಿಬಿಡುತ್ತೇನೆ. ಆ ಟೆಸ್ಟ್ ಹೊಸ್ತಿಲು ಇದ್ದ ಹಾಗೆ. ದಾಟಿದ ಮೇಲೆ 13 ಬಂದವನೂ 18 ಬಂದವನೂ ಒಂದೇ. ಒಳಗೆ ನಡೆಯುವುದು ಪಾತ್ರಕ್ಕೆ ಜನರನ್ನು ಹುಡುಕುವ ಕೆಲಸ. ನಮ್ಮ ಕಡೆ ನಾಟಕ ಕಂಪನಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಡೀ ನಾಟಕ ಬಾಯಿಗೆ ಬರುವವನಿಗೇ ರಾಜನ ಪಾರ್ಟು ಕೊಡುತ್ತಿರಲಿಲ್ಲ, ಅಲ್ವಾ?

ನಾನೂ ಒಮ್ಮೆ ಹೀಗೆ ಹೋಗಿ ಬರಿಗೈಲಿ ಬಂದವನೇ. ಹುಬ್ಬಳ್ಳಿಯ ಒಂದು ಹಾಲ್‌ನಲ್ಲಿ ಆಡಿಷನ್ ಇತ್ತು, ಚಾನೆಲ್ ಹೆಸರು ಬೇಡ. ಬೆಳಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತವನನ್ನು ಒಳಗೆ ಕರೆದದ್ದು ಮಧ್ಯಾಹ್ನ ಮೂರೂವರೆಗೆ. ಐದೈದು ಮಂದಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಿದ್ದರು. ಮೊದಲು "ನಿಮ್ಮ ಬಗ್ಗೆ ಹೇಳಿ" ಅಂದರು. ನಾನು ಬ್ಯಾಂಕ್ ಇಂಟರ್‌ವ್ಯೂಗೆ ಹೋದವನ ಹಾಗೆ ಹೆಸರು, ಬಿಕಾಂ, ಊರು ಹುಬ್ಬಳ್ಳಿ, ಹವ್ಯಾಸ ಪುಸ್ತಕ ಓದುವುದು ಅಂತ ಹೇಳಿ ಮುಗಿಸಿದೆ. ಆಮೇಲೆ ಧಾರವಾಡ ಆಕಾಶವಾಣಿ ಯಾವ ವರ್ಷ ಶುರುವಾಯಿತು ಅಂತ ಕೇಳಿದರು. "1950" ಅಂದೆ. ಸರಿ ಅಂದರು, ಬರೆದುಕೊಂಡರು, ಮುಂದೆ ಹೋದರು.

ನನ್ನ ಪಕ್ಕ ಅಣ್ಣಿಗೇರಿ ಕಡೆಯ ಒಬ್ಬ ಅಜ್ಜ ಕೂತಿದ್ದರು. ಅವರಿಗೆ ಬಂದ ಪ್ರಶ್ನೆ, ಗದಗ ಜಿಲ್ಲೆ ಆದದ್ದು ಯಾವಾಗ ಅಂತ. ಅಜ್ಜನಿಗೆ ಗೊತ್ತಿರಲಿಲ್ಲ. ಆದರೆ ಅವರು ಸುಮ್ನೆ ಕೂರಲಿಲ್ಲ. "ತಡೀರಿ. ನನ್ನ ಮಗಳನ್ನ ಮುಳಗುಂದಕ್ಕ ಕೊಟ್ಟೇವಿ. ಲಗ್ನ ಆಗಿದ್ದು 96ರಾಗ. ಆಗ ಲಗ್ನಪತ್ರಿಕಾದಾಗ ಜಿಲ್ಲಾ ಧಾರವಾಡ ಅಂತ ಹಾಕ್ಸಿದ್ವಿ, ನಾನ ಪ್ರೆಸ್ಸಿಗೆ ಹೋಗಿದ್ದೆ. ಮೊಮ್ಮಗ ಹುಟ್ಟಿದ್ದು 98ರಾಗ, ಅವನ ದಾಖಲೆದಾಗ ಜಿಲ್ಲಾ ಗದಗ ಅಂತ ಐತಿ. ಅಂದ ಮ್ಯಾಲೆ ನಡುವ 97 ಇರಬೇಕ್ರಿ. ಇಲ್ಲಂದ್ರ ಆ ಪ್ರೆಸ್ಸಿನವ ನಂಗ ತಪ್ಪು ಹಾಕಿ ಕೊಟ್ಟಾನ." ಕೋಣೆಯಲ್ಲಿ ಎಲ್ಲರೂ ನಕ್ಕರು. ಪೆನ್ನು ಹಿಡಿದು ತಲೆ ಬಗ್ಗಿಸಿಕೊಂಡಿದ್ದ ಹುಡುಗಿ ಮೊದಲ ಸಲ ತಲೆ ಎತ್ತಿದಳು. ಉತ್ತರವೂ ಸರಿ, 1997.

ನನ್ನ ಉತ್ತರಕ್ಕೆ ಒಂದು ಸೆಕೆಂಡ್ ಹಿಡಿಯಿತು, ಅಜ್ಜನದಕ್ಕೆ ಒಂದು ನಿಮಿಷ. ಟಿವಿಯವರು ಹುಡುಕುತ್ತಿದ್ದದ್ದು ಆ ನಿಮಿಷವನ್ನು. ಕ್ಯಾಮೆರಾ ಮುಖವನ್ನು ತೋರಿಸುತ್ತದೆ, ತಲೆಯ ಒಳಗೆ ಏನು ನಡೆಯುತ್ತಿದೆ ಅಂತ ತೋರಿಸಲು ಅದಕ್ಕೆ ಆಗುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. 1998ರಲ್ಲಿ ಬ್ರಿಟನ್‌ನಲ್ಲಿ ಶುರುವಾಗಿ, 2000ದಲ್ಲಿ ಹಿಂದಿಗೆ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಜೊತೆ ಕನ್ನಡಕ್ಕೆ ಕೋಟ್ಯಧಿಪತಿಯಾಗಿ ಬಂದ ಆಟವನ್ನೇ ನೋಡಿ. ನಾಲ್ಕು ಆಯ್ಕೆ ಯಾಕೆ, ಲೈಫ್‌ಲೈನ್ ಯಾಕೆ, "ಲಾಕ್ ಮಾಡಲಾ" ಅಂತ ಮತ್ತೆ ಮತ್ತೆ ಕೇಳುವುದು ಯಾಕೆ? ಎಲ್ಲವೂ ಆ ಒಂದು ನಿಮಿಷವನ್ನು ಎಳೆಯುವ ಉಪಾಯ. ಥಟ್ಟನೆ ಉತ್ತರ ಹೇಳಿ ಕೈಕಟ್ಟಿ ಕೂರುವವನು ಬಂದರೆ ಆಟ ಅಲ್ಲೇ ಸಪ್ಪೆಯಾಗುತ್ತದೆ. ಗೊತ್ತಿಲ್ಲದಾಗ ಬೆವರುತ್ತಾ ಮೌನವಾಗಿ ಕೂರುವವನು ಬಂದರೆ ಇನ್ನೂ ಕಷ್ಟ.

ನಿಮ್ಮ ಗೆಳೆಯ ಆ ಕೋಣೆಯಲ್ಲಿ ಏನು ಮಾತಾಡಿದ ಅಂತ ಒಮ್ಮೆ ಕೇಳಿ ನೋಡಿ. ನನ್ನ ಊಹೆ, ಅವನು ಜಾಸ್ತಿ ಮಾತಾಡಿರುತ್ತಾನೆ.

ಇನ್ನೊಂದು ಲೆಕ್ಕವೂ ಇದೆ, ಅದು ನಿಮ್ಮ ಕೈಯಲ್ಲಿಲ್ಲ. ಇಂಥ ಆಟದಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ ಹತ್ತು ಮಂದಿಯನ್ನು ಕೂರಿಸುತ್ತಾರೆ. ಹತ್ತೂ ಮಂದಿ ಪರೀಕ್ಷೆಗೆ ಓದುವ ಹುಡುಗರಾದರೆ ನೋಡುವವರು ಯಾರು? ಒಬ್ಬ ಮೇಷ್ಟ್ರು, ಒಬ್ಬ ರೈತ, ಒಬ್ಬ ಗೃಹಿಣಿ, ಒಬ್ಬ ಕಂಡಕ್ಟರ್, ಕರಾವಳಿಯವರು, ಮೈಸೂರಿನವರು, ನಮ್ಮ ಕಡೆಯವರು, ಹೀಗೆ ಬೆರೆಸುತ್ತಾರೆ. ಅಂದರೆ ನಿಮ್ಮ ಪೈಪೋಟಿ ಆ ಅಜ್ಜನ ಜೊತೆ ಇರಲಿಲ್ಲ. ನಿಮ್ಮ ಹಾಗೇ ಇರುವ, ನಿಮ್ಮ ಹಾಗೇ 18 ತೆಗೆದ, ನಿಮ್ಮ ಹಾಗೇ "ಐಎಎಸ್ ಮಾಡಿ ಸಮಾಜಸೇವೆ ಮಾಡಬೇಕು" ಅಂತ ಬರೆದ ಹುಡುಗರ ಜೊತೆ ಇತ್ತು.

ಹಾಗಾಗಿ ಅರ್ಜಿ ಫಾರ್ಮ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಜನ ಸೋಲುವುದು ಜಾಸ್ತಿ ಅಲ್ಲೇ. "ನಿಮ್ಮ ಜೀವನದ ಮರೆಯಲಾಗದ ಘಟನೆ", "ಗೆದ್ದ ಹಣದಲ್ಲಿ ಏನು ಮಾಡುತ್ತೀರಿ" ಅಂತ ಕೆಳಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಟೆಸ್ಟ್‌ಗೆ ತಯಾರಾಗಿ ಹೋದವರು ಇದನ್ನು ಎರಡು ನಿಮಿಷದಲ್ಲಿ ಗೀಚಿ ಕೊಟ್ಟುಬಿಡುತ್ತಾರೆ. ಆದರೆ ಆರಿಸುವವರು ಮತ್ತೆ ಮತ್ತೆ ಓದುವುದು ಅದನ್ನೇ, ಮುಂದೆ ಹಾಟ್ ಸೀಟಿನಲ್ಲಿ ನಿರೂಪಕರು ನಿಮ್ಮನ್ನು ಮಾತಿಗೆ ಎಳೆಯುವುದೂ ಅಲ್ಲಿಂದಲೇ. "ರೈತ ಕುಟುಂಬದಿಂದ ಬಂದವನು" ಅಂತ ಬರೆದರೆ ಅದು ಸಾವಿರ ಫಾರ್ಮ್‌ಗಳಲ್ಲಿ ಇರುತ್ತದೆ. "ಅಪ್ಪ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಒಯ್ಯುವಾಗ ನಾನು ಚೀಲದ ಮೇಲೆ ಕೂತು, ಸೀನುತ್ತಾ ಸೀನುತ್ತಾ ಲೆಕ್ಕ ಬರೆಯುತ್ತಿದ್ದೆ" ಅಂತ ಬರೆದರೆ ನಿರೂಪಕರಿಗೆ ಕೇಳಲು ಏನೋ ಸಿಕ್ಕಿತು. ನಿಮ್ಮದು ನಿಮ್ಮದೇ ಆಗಿರಬೇಕು, ನನ್ನ ಮೆಣಸಿನಕಾಯಿ ಕದಿಯಬೇಡಿ. ಹಾಗೇ ಕಷ್ಟವನ್ನು ಉಬ್ಬಿಸಲೂ ಬೇಡಿ. ಅಳಿಸುವ ಕಥೆ ಇದ್ದರೆ ಮಾತ್ರ ತಗೊಳ್ಳುತ್ತಾರೆ ಅನ್ನುವ ನಂಬಿಕೆ ಒಂದಿದೆ, ನನಗೆ ಅದು ಸೇರುವುದಿಲ್ಲ. ಬರೆದದ್ದನ್ನು ಊರವರೆಲ್ಲ ಟಿವಿಯಲ್ಲಿ ನೋಡುತ್ತಾರೆ ಅನ್ನುವುದು ನೆನಪಿರಲಿ. ಚಹಾದಂಗಡಿಯಲ್ಲಿ ಮುಖ ತೋರಿಸಬೇಕಾದವರು ನೀವು.

ಊರಿನ ಬಗ್ಗೆಯೂ ಕೇಳುತ್ತಾರೆ. ಧಾರವಾಡದವರು ಪೇಢೆ ಅನ್ನುತ್ತಾರೆ, ಮಾತು ಮುಗಿಯಿತು. ಸ್ವಲ್ಪ ಆಚೆ ಹೋಗಿ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಕೋಚ್ ಸಿಗದೆ ಅದರ ಮೇಲೆ ಚೀಲ ಹೊತ್ತು ಓಡಿದ ಅನುಭವ ನಿಮಗೂ ಇರಬಹುದು. ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಗದಗದವರಾದರೆ 1905ರಲ್ಲಿ ಸಹಕಾರಿ ಸಂಘ ಶುರುವಾದ ಕಣಗಿನಹಾಳ ನಿಮ್ಮ ಪಕ್ಕದಲ್ಲೇ ಇದೆ. ಹಾವೇರಿಯವರಿಗೆ ಏಲಕ್ಕಿ ಹಾರ ಇದೆ. ಇದನ್ನೆಲ್ಲ ಪರೀಕ್ಷೆಗೆ ಓದಿದ ಹಾಗೆ ಒಪ್ಪಿಸಬೇಡಿ, ನಿಮಗೂ ಅದಕ್ಕೂ ಏನು ನಂಟು ಅಂತ ಹೇಳಿ.

ಮತ್ತೆ ಭಾಷೆ. ಆಡಿಷನ್ ಕೋಣೆಯ ಬಾಗಿಲು ದಾಟಿದ ತಕ್ಷಣ ನಮ್ಮವರ ಬಾಯಲ್ಲಿ ಒಂದು ವಿಚಿತ್ರ ಕನ್ನಡ ಬರುತ್ತದೆ, ಅದು ಬೆಂಗಳೂರಿನದೂ ಅಲ್ಲ, ಧಾರವಾಡದ್ದೂ ಅಲ್ಲ. "ಹೌದ್ರೀ" ಅನ್ನುವವರು "ಹೌದು ಸಾರ್" ಅನ್ನಲು ಹೋಗಿ ಮುಂದಿನ ಮಾತನ್ನೇ ಮರೆಯುತ್ತಾರೆ. ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಮಾತಾಡಿ. ತಿಳಿಯದಿದ್ದರೆ ಅವರು ಇನ್ನೊಮ್ಮೆ ಕೇಳುತ್ತಾರೆ, ಅಷ್ಟೇ.

ಈಗ ವಶೀಲಿ. ಈ ಅನುಮಾನ ನಿಮಗೆ ಮಾತ್ರ ಬಂದದ್ದಲ್ಲ, ಇತಿಹಾಸದಲ್ಲಿ ಅದಕ್ಕೆ ಆಧಾರವೂ ಇದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಟ್ವೆಂಟಿ ಒನ್ ಅನ್ನುವ ಕ್ವಿಜ್ ಶೋ ಇತ್ತು. ಹರ್ಬರ್ಟ್ ಸ್ಟೆಂಪೆಲ್ ಅನ್ನುವವರು ಗೆಲ್ಲುತ್ತಾ ಹೋಗುತ್ತಿದ್ದರು, ಆದರೆ ಶೋ ಮಾಡುವವರಿಗೆ ಚಾರ್ಲ್ಸ್ ವ್ಯಾನ್ ಡೋರೆನ್ ಅನ್ನುವ ಚಂದದ ಕಾಲೇಜು ಮೇಷ್ಟ್ರು ಗೆಲ್ಲಬೇಕಿತ್ತು. ಸ್ಟೆಂಪೆಲ್‌ಗೆ ಬೇಕಂತಲೇ ಸೋಲಲು ಹೇಳಿದರು, ವ್ಯಾನ್ ಡೋರೆನ್‌ಗೆ ಮೊದಲೇ ಉತ್ತರ ಕೊಟ್ಟರು. 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ವ್ಯಾನ್ ಡೋರೆನ್ ಒಪ್ಪಿಕೊಂಡರು, ಮರುವರ್ಷ ಇಂಥ ಮೋಸ ಅಪರಾಧ ಅಂತ ಕಾನೂನೇ ಬಂತು. ಅಲ್ಲಿ ಆದದ್ದು ಆಟದ ಒಳಗಿನ ಮೋಸ. ನಿಮ್ಮ ವಿಷಯದಲ್ಲಿ ಆದದ್ದು ಬೇರೆ, ಇಷ್ಟವಾದವರನ್ನು ಆಟಕ್ಕೆ ಮೊದಲೇ ಆರಿಸಿಕೊಳ್ಳುವುದು. ಅದನ್ನು ಯಾರೂ ಮುಚ್ಚಿಡುವುದಿಲ್ಲ. ಅಮೆರಿಕದ ಜೆಪರ್ಡಿ ಅಂದರೆ ಬುದ್ಧಿವಂತರ ಆಟ ಅಂತಲೇ ಹೆಸರು, ಅಲ್ಲಿ ಕೂಡ ಮೊದಲು 50 ಪ್ರಶ್ನೆಗಳ ಆನ್‌ಲೈನ್ ಟೆಸ್ಟ್, ಒಂದೊಂದಕ್ಕೆ 15 ಸೆಕೆಂಡ್, ಅದು ದಾಟಿದ ಮೇಲೆ ಅಣಕು ಆಟ ಆಡಿಸಿ, ಮಾತಾಡಿಸಿ ನೋಡುತ್ತಾರೆ. ಚಾನೆಲ್‌ನಲ್ಲಿ ಕೆಲಸ ಮಾಡುವವರ ಮನೆಯವರಿಗೆ ಸಾಮಾನ್ಯವಾಗಿ ಭಾಗವಹಿಸಲು ಬಿಡುವುದಿಲ್ಲ, ಹಾಗಾಗಿ ಪರಿಚಯದ ಮಾವ ಇದ್ದರೆ ಲಾಭಕ್ಕಿಂತ ತೊಂದರೆಯೇ ಜಾಸ್ತಿ.

ನಿಜಕ್ಕೂ ಅದೃಷ್ಟ ಇರುವುದು ಆಡಿಷನ್‌ಗಿಂತ ಮೊದಲು. ಟಿವಿಯಲ್ಲಿ ಪ್ರಶ್ನೆ ಕೇಳಿ ಮೆಸೇಜ್ ಅಥವಾ ಆ್ಯಪ್‌ನಲ್ಲಿ ಉತ್ತರ ಕಳಿಸಿ ಅನ್ನುತ್ತಾರಲ್ಲ, ಸರಿ ಉತ್ತರ ಕೊಟ್ಟ ಲಕ್ಷಗಟ್ಟಲೆ ಜನರಲ್ಲಿ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಕೆಲವರನ್ನು ಎತ್ತುತ್ತದೆ. ಅಲ್ಲಿ ಯಾವ ಜಾಣತನವೂ ನಡೆಯುವುದಿಲ್ಲ. ನೀವು ಅದನ್ನು ದಾಟಿ ಆಡಿಷನ್‌ವರೆಗೆ ಹೋಗಿದ್ದೀರಿ ಅಂದರೆ ಕಷ್ಟದ ಭಾಗ ಮುಗಿದಿತ್ತು. ಹೇಳಲು ನನಗೂ ಬೇಜಾರೇ.

ನಿಮಗೆ ಸರಿಹೊಂದುವ ಆಟ ಬೇರೆ ಇದೆ. ದೂರದರ್ಶನ ಚಂದನದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿ. ಡಾ. ನಾ. ಸೋಮೇಶ್ವರ ಪ್ರಶ್ನೆ ಕೇಳುತ್ತಾರೆ, ಗೆದ್ದರೆ ಕನ್ನಡ ಪುಸ್ತಕ ಕೊಡುತ್ತಾರೆ. ಅಲ್ಲಿ ಹೆಸರಿಗೆ ತಕ್ಕ ಹಾಗೆ ಉತ್ತರ ಥಟ್ ಅಂತಲೇ ಬರಬೇಕು, ಅಣ್ಣಿಗೇರಿ ಅಜ್ಜನ ಲಗ್ನಪತ್ರಿಕೆಗೆ ಟೈಮ್ ಇರುವುದಿಲ್ಲ. 20ಕ್ಕೆ 18 ತೆಗೆಯುವವರು ಮಿಂಚುವ ಜಾಗ ಅದು.

ಆದರೂ ದೊಡ್ಡ ಹಣದ ಶೋಗೇ ಹೋಗಬೇಕು ಅಂದರೆ, ರೂಮ್‌ಮೇಟ್ ಕೈಗೆ ಪ್ರಶ್ನೆಪತ್ರಿಕೆ ಕೊಟ್ಟು, ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮಾತ್ರ ಕೇಳಲು ಹೇಳಿ. ಫೋನ್ ಎದುರಿಗಿಟ್ಟು ರೆಕಾರ್ಡ್ ಮಾಡಿ. ಎರಡು ನಿಮಿಷ ಬಾಯಿಬಿಟ್ಟು ವಿಚಾರ ಮಾಡಿ: ಯಾವ ಆಯ್ಕೆ ಬಿಟ್ಟಿರಿ, ಯಾಕೆ ಬಿಟ್ಟಿರಿ, ಎಲ್ಲಿ ಅನುಮಾನ. ಮೊದಲ ರೆಕಾರ್ಡಿಂಗ್ ನೋಡಲು ಆಗುವುದಿಲ್ಲ, ನನ್ನದನ್ನು ನಾನು ಡಿಲೀಟ್ ಮಾಡಿದೆ. ಐದನೆಯದಕ್ಕೆ ಸ್ವಲ್ಪ ದಾರಿಗೆ ಬರುತ್ತದೆ. ಜೊತೆಗೆ ಹಾಟ್ ಸೀಟಿಗೆ ಯಾರು ಅಂತ ತೀರ್ಮಾನಿಸುವ, ಕ್ರಮದಲ್ಲಿ ಜೋಡಿಸುವ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಮಾಡಿ. ಬೆಂಗಳೂರಿನಿಂದ ಬರುವ ರೈಲಿಗೆ ಧಾರವಾಡ, ಹಾವೇರಿ, ಹುಬ್ಬಳ್ಳಿ, ರಾಣೆಬೆನ್ನೂರು ಯಾವ ಕ್ರಮದಲ್ಲಿ ಸಿಗುತ್ತವೆ? ಗೊತ್ತು. ಆದರೆ ನಾಲ್ಕು ಸೆಕೆಂಡಿನಲ್ಲಿ ಬೆರಳು ಒತ್ತುತ್ತದಾ?

ಬಟ್ಟೆ ಬಗ್ಗೆ ಒಂದೇ ಮಾತು. ಸಣ್ಣ ಚೌಕಳಿ, ಸಣ್ಣ ಪಟ್ಟೆ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕುಣಿಯುತ್ತವೆ. ಹಾಗಾಗಿ ಅಕ್ಕತಂಗಿಯರು ಸಣ್ಣ ಚೌಕಳಿಯ ಇಳಕಲ್ಲ ಸೀರೆಯನ್ನು ಅವತ್ತು ಬಿಟ್ಟು, ಒಂದೇ ಬಣ್ಣದ್ದು ಉಡುವುದು ಚಲೋ. ದೊಡ್ಡ ಬ್ರ್ಯಾಂಡ್ ಹೆಸರಿನ ಟೀಶರ್ಟ್ ಕೂಡ ಬೇಡ.

ಕೊನೆಗೆ ದುಡ್ಡು. "ನಿಮ್ಮ ನಂಬರಿಗೆ 25 ಲಕ್ಷ ಬಂದಿದೆ, ಮೊದಲು ಫೀಸ್ ಕಟ್ಟಿ" ಅಂತ ಶೋ ಹೆಸರಿನಲ್ಲಿ ವಾಟ್ಸಾಪ್ ಬಂದರೆ ಅದು ಮೋಸವೇ, ಎರಡನೇ ಮಾತಿಲ್ಲ. ಆಡಿಷನ್‌ಗೆ ದುಡ್ಡು ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್ನು ನಿಜವಾಗಿ ಗೆದ್ದ ಹಣಕ್ಕೆ ಆದಾಯ ತೆರಿಗೆ ನೇರ 30 ಶೇಕಡಾ. ನಿಮಗೆ ಬೇರೆ ಆದಾಯವೇ ಇಲ್ಲದಿದ್ದರೂ ವಿನಾಯಿತಿ ಇಲ್ಲ. 10,000 ರೂಪಾಯಿ ದಾಟಿದರೆ ಕೊಡುವಾಗಲೇ ಹಿಡಿದುಕೊಳ್ಳುತ್ತಾರೆ. ಒಂದು ಲಕ್ಷ ಗೆದ್ದರೆ ಕೈಗೆ 70,000, ಆಮೇಲೆ ರಿಟರ್ನ್ ಹಾಕುವಾಗ ಸೆಸ್, ಅಂದರೆ ತೆರಿಗೆಯ ಮೇಲಿನ ತೆರಿಗೆ, ಅಂತ ಇನ್ನೊಂದು 1,200. ಕಾರು ಗೆದ್ದರೆ ಇನ್ನೂ ತಮಾಷೆ, ಮೊದಲು ತೆರಿಗೆ ಹಣ ಕಟ್ಟಿದರೆ ಮಾತ್ರ ಕೀಲಿಕೈ.

ನಿಮ್ಮ ಗೆಳೆಯ ಇನ್ನೇನು ಶೂಟಿಂಗ್‌ಗೆ ಹೊರಡುತ್ತಿರಬೇಕು. ಅವನಿಗೆ ಈ ತೆರಿಗೆ ಲೆಕ್ಕ ಮೊದಲೇ ಹೇಳಿಬಿಡಿ, ಪೇಢೆ ಎಷ್ಟು ಕೇಜಿ ಕೇಳಬೇಕು ಅನ್ನುವುದು ನಿಮಗೂ ಗೊತ್ತಾಗುತ್ತದೆ.