ನಮ್ಮ ಛತ್ರಕ್ಕೂ ಎನರ್ಜಿ ಆಡಿಟ್ ಕಡ್ಡಾಯವೇ?

ಓದುಗರ ಪ್ರಶ್ನೆ: ಸಾಗರದಲ್ಲಿ ನಮ್ಮದೊಂದು ಕಲ್ಯಾಣ ಮಂಟಪ ಇದೆ. ಅದೇ ಕಾಂಪೌಂಡಿನಲ್ಲಿ 24 ರೂಮಿನ ಲಾಡ್ಜ್. ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಒಪ್ಪಂದದ ಗರಿಷ್ಠ ಲೋಡ್) 130 ಕೆವಿಎ. ನ್ಯೂಯಾರ್ಕಿನಲ್ಲಿರುವ ಮಗ ಹೇಳುತ್ತಾನೆ, ಅಲ್ಲಿ ದೊಡ್ಡ ಕಟ್ಟಡಗಳಿಗೆ ಎನರ್ಜಿ ಆಡಿಟ್ (ಕರೆಂಟ್, ಇಂಧನ ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತದೆ ಎಂಬ ತಪಾಸಣೆ) ಕಡ್ಡಾಯವಂತೆ, ಮಾಡಿಸದಿದ್ದರೆ ದಂಡವಂತೆ. ಮೊನ್ನೆ ಒಬ್ಬರು ಬಂದು ಇಲ್ಲಿಯೂ ಹಾಗೇ ಆಗಿದೆ, ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂದರು. ಏನು ಮಾಡಲಿ?

ಉತ್ತರ: ಮೊದಲು, ಆ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಡಿ.

ನಿಮ್ಮ ಮಗ ಹೇಳಿದ್ದು ಅವನಿರುವ ಊರಿನ ಮಟ್ಟಿಗೆ ಸರಿ. ನ್ಯೂಯಾರ್ಕ್ ನಗರದಲ್ಲಿ 2009ರ ಲೋಕಲ್ ಲಾ 87 ಎಂಬ ಕಾಯ್ದೆಯಿದೆ. ಅದರಂತೆ 50,000 ಚದರಡಿಗಿಂತ ದೊಡ್ಡ ಕಟ್ಟಡಗಳು 10 ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿ, ಇರುವ ಯಂತ್ರಗಳನ್ನು ಸುಸ್ಥಿತಿಗೆ ತಂದು, ನಗರಾಡಳಿತಕ್ಕೆ ವರದಿ ಕೊಡಬೇಕು. ಅದು ಆ ನಗರ ತನಗಾಗಿ ಮಾಡಿಕೊಂಡ ಕಾಯ್ದೆ.

ನಮಗೆ ಅನ್ವಯಿಸುವುದು ಕೇಂದ್ರದ 2001ರ ಇಂಧನ ಸಂರಕ್ಷಣಾ ಕಾಯ್ದೆ. ದೆಹಲಿಯಲ್ಲಿ ಇದರ ಹೊಣೆ ಬಿಇಇಯದು, ಅಂದರೆ ಎಸಿ, ಫ್ರಿಜ್ಜಿಗೆ ನಕ್ಷತ್ರದ ಚೀಟಿ ಕೊಡುವ ಸಂಸ್ಥೆಯದು. ಈ ಕಾಯ್ದೆಯಡಿ ಆಡಿಟ್‌ನ ಹೊರೆ ಬೀಳುವುದು ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ದೊಡ್ಡ ಬಳಕೆದಾರರ ಮೇಲೆ. ಸಿಮೆಂಟ್, ಉಕ್ಕು, ಕಾಗದದ ಕಾರ್ಖಾನೆಗಳ ಜೊತೆಗೆ ದೊಡ್ಡ ಹೋಟೆಲುಗಳೂ ಆ ಪಟ್ಟಿಯಲ್ಲಿವೆ. ಅವರು ಮಾನ್ಯತೆ ಪಡೆದ ಆಡಿಟರ್‌ನಿಂದಲೇ ಆಡಿಟ್ ಮಾಡಿಸಬೇಕು, ಎನರ್ಜಿ ಮ್ಯಾನೇಜರ್ ಒಬ್ಬರನ್ನು ನೇಮಿಸಬೇಕು. ಅಲ್ಲಿ ಅಳತೆಗೋಲು ಎಣ್ಣೆಯ ಟನ್ನು, ಅಂದರೆ ಕರೆಂಟು, ಕಲ್ಲಿದ್ದಲು, ಡೀಸೆಲ್ ಯಾವುದೇ ಇರಲಿ ಎಲ್ಲವನ್ನೂ ಎಣ್ಣೆಯ ಲೆಕ್ಕಕ್ಕೆ ತಿರುಗಿಸುತ್ತಾರೆ. ಒಂದು ಟನ್ ಎಣ್ಣೆಗೆ 11,630 ಯೂನಿಟ್ ಸಮ, ಅಂಥ ನೂರಾರು ಟನ್ ಬಳಸುವವರ ಮಾತು ಅದು. ನಿಮ್ಮ ಛತ್ರ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಾದರೆ ಬಂದವರು ಹೆದರಿಸಿದ್ದು ಯಾವ ಆಧಾರದ ಮೇಲೆ? ಬಹುಶಃ 100 ಕಿಲೋವ್ಯಾಟ್ ಅಥವಾ 120 ಕೆವಿಎ ಎಂಬ ಅಂಕಿಯ ಮೇಲೆ. ಕಾಯ್ದೆಯಲ್ಲಿ ಆ ಅಂಕಿ ಇರುವುದು ನಿಜ, ನಿಮ್ಮ 130 ಅದನ್ನು ದಾಟುವುದೂ ನಿಜ. ಆದರೆ ಅದು ಹೊಸದಾಗಿ ಕಟ್ಟುವವರು ಪಾಲಿಸಬೇಕಾದ ಕಟ್ಟಡ ಸಂಹಿತೆಯ ಗಡಿ. ಗೋಡೆ, ಚಾವಣಿ, ಗಾಜು, ದೀಪ, ಎಸಿ ಹೇಗಿರಬೇಕು ಎಂದು ಅದು ಹೇಳುತ್ತದೆ. ಮುಂದೆ ನೀವು ಹೊಸ ಬ್ಲಾಕ್ ಕಟ್ಟುವ ಯೋಚನೆ ಮಾಡಿದರೆ ನಕ್ಷೆ ಬರೆಯುವ ಮೊದಲೇ ಎಂಜಿನಿಯರ್ ಹತ್ತಿರ ಇದನ್ನು ಮಾತಾಡಿ. 2022ರ ತಿದ್ದುಪಡಿ ಆ ಗಡಿಯನ್ನು ಇನ್ನೂ ಇಳಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಈ ಕಾಯ್ದೆಯ ಕೆಲಸ ನೋಡುವುದು ಕ್ರೆಡಲ್, ಅಂದರೆ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ. ಯಾರಾದರೂ ಕಡ್ಡಾಯ ಅಂದರೆ ಅಧಿಸೂಚನೆಯ ಪ್ರತಿ ತೋರಿಸಿ ಅನ್ನಿ, ಇಲ್ಲವೇ ಕ್ರೆಡಲ್‌ಗೆ ಒಂದು ಪತ್ರ ಬರೆದು ಕೇಳಿ. ವಿದ್ಯುತ್ ಪರಿವೀಕ್ಷಕರ ತಪಾಸಣೆಯನ್ನು ಇದರ ಜೊತೆ ಕಲಸಿಕೊಳ್ಳಬೇಡಿ. ಅದು ಸುರಕ್ಷತೆಗೆ ಸಂಬಂಧಿಸಿದ್ದು, ಅದನ್ನು ತಪ್ಪಿಸುವ ಹಾಗಿಲ್ಲ.

ಕಾಯ್ದೆಯ ಮಾತು ಇಲ್ಲಿಗೆ ಮುಗಿಯಿತು. ಆದರೂ ನೀವು ಆಡಿಟ್ ಮಾಡಿಸಬೇಕು ಅಂತಲೇ ನಾನು ಹೇಳುವುದು, ನಿಮ್ಮದೇ ಬಿಲ್ಲಿನ ಸಲುವಾಗಿ.

ಎಚ್‌ಟಿ ಬಿಲ್ಲಿನಲ್ಲಿ ಯೂನಿಟ್‌ನ ಲೆಕ್ಕ ಒಂದು, ಡಿಮ್ಯಾಂಡ್ (ಒಂದೇ ಹೊತ್ತಿಗೆ ಎಳೆದ ಗರಿಷ್ಠ ಲೋಡ್) ಲೆಕ್ಕ ಇನ್ನೊಂದು. ತಿಂಗಳಿಡೀ ಖಾಲಿ ಇದ್ದರೂ ಒಂದು ಮುಹೂರ್ತದ ದಿನ ಕೆಲವೇ ನಿಮಿಷ ಲೋಡ್ ಮೇಲೇರಿದರೆ ಮೀಟರ್ ಅದನ್ನೇ ಆ ತಿಂಗಳ ಡಿಮ್ಯಾಂಡ್ ಅಂತ ಬರೆದುಕೊಳ್ಳುತ್ತದೆ. ಆಷಾಢದಲ್ಲಿ ಒಂದೂ ಮದುವೆ ಇರುವುದಿಲ್ಲ, ಆಗಲೂ ಕಾಂಟ್ರ್ಯಾಕ್ಟ್ ಡಿಮ್ಯಾಂಡ್‌ನ ಬಹುಪಾಲಿಗೆ ದುಡ್ಡು ಕಟ್ಟಲೇಬೇಕು. ಹಾಗಾಗಿ ನಿಮಗೆ 130 ನಿಜವಾಗಿ ಬೇಕಾ ಅನ್ನುವುದು ಮೊದಲ ಪ್ರಶ್ನೆ.

ಅದಕ್ಕೆ ಉತ್ತರ ಸಿಗಬೇಕಾದರೆ ಏರಿಕೆ ಯಾವ ಹೊತ್ತಿನಲ್ಲಿ ಆಗುತ್ತದೆ ಅಂತ ಗೊತ್ತಾಗಬೇಕು. ಧಾರೆಯ ದಿನ ಬೆಳಗಿನ ಜಾವ ಐದಕ್ಕೆ ಎಲ್ಲ ರೂಮಿನ ಗೀಸರ್ ಒಟ್ಟಿಗೇ ಆನ್ ಆಗುತ್ತವೆ. ಒಂದೊಂದು 2 ಕಿಲೋವ್ಯಾಟ್ ಅಂದರೂ 24ಕ್ಕೆ 48 ಕಿಲೋವ್ಯಾಟ್. ಮಧ್ಯಾಹ್ನ ಊಟದ ಹೊತ್ತಿಗೆ ಹಾಲ್‌ನ ಎಸಿ, ಅಡುಗೆಮನೆಯ ಎಕ್ಸಾಸ್ಟ್, ಬೋರ್‌ವೆಲ್ ಮೋಟರು ಎಲ್ಲ ಓಡುತ್ತಿರುತ್ತವೆ. ಹೆಚ್ಚು ಯಾವುದು? ಮಧ್ಯಾಹ್ನದ್ದಾದರೆ ಪವರ್ ಫ್ಯಾಕ್ಟರ್ ನೋಡಬೇಕು, ಅಂದರೆ ಎಳೆದ ಕೆವಿಎಯಲ್ಲಿ ಎಷ್ಟು ಪಾಲು ನಿಜವಾದ ಕೆಲಸಕ್ಕೆ, ಕಿಲೋವ್ಯಾಟ್ ಆಗಿ, ಬಂತು ಅನ್ನುವುದನ್ನು. 80 ಕಿಲೋವ್ಯಾಟ್ ಲೋಡ್ 0.8 ಪವರ್ ಫ್ಯಾಕ್ಟರ್‌ನಲ್ಲಿ 100 ಕೆವಿಎ ಆಗುತ್ತದೆ. ಕೆಪಾಸಿಟರ್ ಪ್ಯಾನೆಲ್ ಸರಿಮಾಡಿಸಿ 0.98ಕ್ಕೆ ತಂದರೆ ಅದೇ ಲೋಡ್ 82ಕ್ಕೆ ಇಳಿಯುತ್ತದೆ. ಬೆಳಗಿನದೇ ಹೆಚ್ಚಾಗಿದ್ದರೆ ಕೆಪಾಸಿಟರ್‌ಗೆ ಹಾಕಿದ ದುಡ್ಡಿನಿಂದ ಡಿಮ್ಯಾಂಡ್ ಹೆಚ್ಚೇನೂ ಇಳಿಯದು, ಗೀಸರ್‌ಗೆ ಪವರ್ ಫ್ಯಾಕ್ಟರಿನ ತೊಂದರೆಯೇ ಇಲ್ಲವಲ್ಲ.

ಗೀಸರ್‌ನದೇ ತೊಂದರೆಯಾದರೆ ಸೋಲಾರ್ ವಾಟರ್ ಹೀಟರ್ ಯೋಚಿಸಿ. ಮಲೆನಾಡಿನ ಮಳೆಗೆ ಸೋಲಾರ್ ನಡೆಯಲ್ಲ ಅನ್ನುವುದನ್ನು ಎಲ್ಲರ ಬಾಯಲ್ಲೂ ಕೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಪ್ಪುವ ಮಾತೇ. ಆದರೆ ನಿಮ್ಮ ಮದುವೆಗಳು ನಡೆಯುವುದು ಹೆಚ್ಚಾಗಿ ಮಾಘದಿಂದ ವೈಶಾಖದವರೆಗೆ, ಬಿಸಿಲು ಸುಡುವ ತಿಂಗಳುಗಳಲ್ಲಿ. ಹಿಂದಿನ ಮಧ್ಯಾಹ್ನ ಕಾದ ನೀರು ಒಳ್ಳೆಯ ಟ್ಯಾಂಕಿನಲ್ಲಿ ಬೆಳಗಿನವರೆಗೂ ಬಿಸಿ ಇರುತ್ತದೆ. ಮಳೆಗಾಲದಲ್ಲಿ ರೂಮು ತುಂಬುವುದು ಕಡಿಮೆಯಾಗಿದ್ದರೆ ಆಗಿನ ಮಟ್ಟಿಗೆ ಗೀಸರ್ ಸಾಕು, ಅಥವಾ ಅಡಿಕೆ ಸಿಪ್ಪೆ ಉರಿಸುವ ಬಾಯ್ಲರ್.

ಇದೆಲ್ಲ ತಿಳಿಯುವುದು ಅಳೆದಾಗ ಮಾತ್ರ. ಹಿಂದೊಮ್ಮೆ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತದೆಂದು ಅವಸರದಲ್ಲಿ ಮಾಡಿಸಿದ ಕಾಲೇಜೊಂದರ ಆಡಿಟ್ ವರದಿ ನನ್ನ ಕೈಗೆ ಬಂತು. ಎಸಿಗಳ ಫಿಲ್ಟರ್ ತೊಳೆಸಿ ಎಂಬ ಸಲಹೆ ಇತ್ತು, ಆ ಕಟ್ಟಡದಲ್ಲಿ ಎಸಿಯೇ ಇರಲಿಲ್ಲ. ಒಂದೇ ಒಂದು ರೀಡಿಂಗ್ ಕೂಡ ಇರಲಿಲ್ಲ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು, ಗದ್ದೆ ಕಳೆದುಕೊಂಡವರ ಮನೆಗಳು ನಿಮ್ಮ ತಾಲ್ಲೂಕಿನಲ್ಲೂ ಇವೆ. ಕರೆಂಟಿಗೆ ಅವರು ತೆತ್ತ ಬೆಲೆ ಗೊತ್ತಿರುವ ಜಿಲ್ಲೆಯಲ್ಲಿ ಇಂಥ ವರದಿ ಕಂಡರೆ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ.

ಆದ್ದರಿಂದ ಆಡಿಟರ್‌ನ ಬಿಇಇ ಪ್ರಮಾಣಪತ್ರ ನೋಡಿ, ಆಮೇಲೆ ಅಳೆಯುವ ಉಪಕರಣ ತರುತ್ತಾರಾ ಕೇಳಿ. ಟಿಸಿಯ (ಟ್ರಾನ್ಸ್‌ಫಾರ್ಮರಿನ) ಕೆಳಗಿನ ಮುಖ್ಯ ಪ್ಯಾನೆಲ್ಲಿಗೆ ಲಾಗರ್, ಅಂದರೆ ಲೋಡನ್ನು ಸತತವಾಗಿ ದಾಖಲಿಸುವ ಉಪಕರಣ, ಹಾಕಿ ಕನಿಷ್ಠ ಒಂದು ವಾರ ಬಿಡಬೇಕು, ಆ ವಾರದಲ್ಲಿ ಎರಡು ಮದುವೆಯಾದರೂ ಇರಬೇಕು. ಮಳೆಗಾಲದಲ್ಲಿ ಇನ್ನೆರಡು ದಿನ ಅಳೆಯಲಿ, ಯಾರೂ ಇಲ್ಲದಾಗ ಕರೆಂಟ್ ಎಲ್ಲಿ ಸೋರುತ್ತಿದೆ ಅನ್ನುವುದು ಆಗಲೇ ಕಾಣುವುದು. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ಇಳಿಸಲು ಮೆಸ್ಕಾಂಗೆ ಅರ್ಜಿ ಕೊಡುವುದು ಇದಾದ ಮೇಲೆಯೇ, ಅದೂ ಸ್ವಲ್ಪ ಅಂತರ ಇಟ್ಟುಕೊಂಡು. ಮಿತಿ ಮೀರಿದ ತಿಂಗಳು ಹೆಚ್ಚಿನ ದರ ಬೀಳುತ್ತದೆ.

ಆಡಿಟರ್ ಬರುವ ಮೊದಲು 12 ತಿಂಗಳ ಬಿಲ್ಲು, ಜನರೇಟರಿನ ಡೀಸೆಲ್ ಲೆಕ್ಕ ತೆಗೆದಿಡಿ. ಜೊತೆಗೆ ಛತ್ರದ ಬುಕಿಂಗ್ ಪುಸ್ತಕವನ್ನೂ ಇಡಿ. ಪ್ರತಿ ಬಿಲ್ಲಿನ ಮೇಲೆ ಆ ತಿಂಗಳು ಎಷ್ಟು ಮದುವೆ ನಡೆದವು ಅಂತ ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. ಅರ್ಧ ಆಡಿಟ್ ನಿಮ್ಮ ಟೇಬಲ್ ಮೇಲೆಯೇ ಮುಗಿದಿರುತ್ತದೆ.