40 ಕೆಜಿ ಪದಕದ ಮುಂದೆ ದಾರಿ ಇಲ್ಲ

ಜೂಡೋದಲ್ಲಿ ಕೆಡೆಟ್ ಅಂದರೆ 18 ವರ್ಷದೊಳಗಿನವರ ವಿಭಾಗ. ಅಲ್ಲಿ ಅತಿ ಕಡಿಮೆ ತೂಕದವು ಅಂದರೆ ಹುಡುಗಿಯರಿಗೆ 40 ಮತ್ತು 44 ಕೆಜಿ ವರ್ಗಗಳಿವೆ. ಹುಡುಗರಿಗೆ 50 ಮತ್ತು 55 ಇವೆ. ಸೀನಿಯರ್ ವಿಭಾಗಕ್ಕೆ ಬಂದರೆ ಈ ನಾಲ್ಕೂ ಇಲ್ಲ. ಮಹಿಳೆಯರಿಗೆ ಅತಿ ಕಡಿಮೆ ಅಂದರೆ 48 ಕೆಜಿ, ಪುರುಷರಿಗೆ 60. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ಕಾಮನ್‌ವೆಲ್ತ್ ಕ್ರೀಡಾಕೂಟ, ಎಲ್ಲವೂ ಅಲ್ಲಿಂದಲೇ ಶುರು.

ಹಾಸನದಲ್ಲಿ ಕ್ರೀಡಾ ಫಿಸಿಯೋಥೆರಪಿ ಮಾಡುವ ನಾನು, ಜೂಡೋ ಆಡುವ ಮಕ್ಕಳ ಅಪ್ಪ ಅಮ್ಮನಿಗೆ ಮೊದಲು ತೋರಿಸುವುದು ಈ ಪಟ್ಟಿಯನ್ನೇ. ಅರಕಲಗೂಡು, ಹೊಳೆನರಸೀಪುರ, ಆಲೂರು ಕಡೆಯಿಂದ ಬರುತ್ತಾರೆ. ಮಂಡಿ ನೋವು, ಭುಜ ನೋವು, ಬೆರಳು ಊದಿದೆ ಅನ್ನುತ್ತಾರೆ. ಮಾತಾಡುತ್ತಾ ಹೋದರೆ ಇನ್ನೊಂದು ವಿಷಯ ಹೊರಗೆ ಬರುತ್ತದೆ. ಮುಂದಿನ ವಾರ ಪಂದ್ಯ ಇದೆ, ಮಗು ರಾತ್ರಿ ಊಟ ಬಿಟ್ಟಿದೆ, ನೀರನ್ನೂ ಅಳೆದು ಕುಡಿಯುತ್ತಿದೆ. 'ಇನ್ನು ಎರಡು ಕೆಜಿ ಇಳಿದರೆ ಕೆಳಗಿನ ವರ್ಗದಲ್ಲಿ ಆಡಬಹುದು, ಮೆಡಲ್ ಗ್ಯಾರಂಟಿ' ಎಂದು ಯಾರೋ ಹೇಳಿರುತ್ತಾರೆ.

ಆ ಮಗುವಿಗೆ 13 ವರ್ಷ. ಮೂಳೆ ಬೆಳೆಯುವ ವಯಸ್ಸು. ತೂಕ ಏರಲೇಬೇಕಾದ ವಯಸ್ಸು.

ಅಂತರರಾಷ್ಟ್ರೀಯ ಜೂಡೋ ಬದುಕು ಹೇಗಿರುತ್ತದೆ ಎಂದು ಸ್ವಲ್ಪ ನೋಡಿ. ಮಣಿಪುರದ ಸುಶೀಲಾ ದೇವಿ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ 48 ಕೆಜಿ ವರ್ಗದಲ್ಲಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದೇ ವರ್ಗದಲ್ಲಿ ಮತ್ತೆ ಬೆಳ್ಳಿ. ನಡುವೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಜೂಡೋ ಆಟಗಾರ್ತಿ ಅವರೇ. ಫ್ರಾನ್ಸ್‌ನ ಟೆಡ್ಡಿ ರಿನೇರ್ 2007ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದಾಗ ಅವರಿಗೆ 35. ಇಷ್ಟು ದೂರ ಹೋಗಬೇಕಾದ ದೇಹವನ್ನು 13ಕ್ಕೇ ಬರಿದು ಮಾಡಿದರೆ ಮುಂದೆ ಏನು ಉಳಿಯುತ್ತದೆ?

ನಮ್ಮ ಮಕ್ಕಳಿಗೆ ನಾನು ಜಾಸ್ತಿ ಹೇಳುವ ಉದಾಹರಣೆ ಲಿಂಥೋಯ್ ಚನಂಬಮ್ ಅವರದು. ಇವರೂ ಮಣಿಪುರದವರೇ. 2022ರಲ್ಲಿ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಿನ್ನ ಗೆದ್ದರು. ಯಾವುದೇ ವಯೋಮಾನದಲ್ಲಿ ಭಾರತಕ್ಕೆ ಸಿಕ್ಕ ಮೊದಲ ವಿಶ್ವ ಜೂಡೋ ಚಿನ್ನ ಅದು. ಆಗ ಅವರು ಆಡಿದ್ದು 57 ಕೆಜಿಯಲ್ಲಿ. 2025ರಲ್ಲಿ ಲಿಮಾದಲ್ಲಿ ವಿಶ್ವ ಜೂನಿಯರ್ (21 ವರ್ಷದೊಳಗಿನವರ) ಕಂಚು ಗೆದ್ದಿದ್ದು 63 ಕೆಜಿಯಲ್ಲಿ. ಗೆದ್ದ ವರ್ಗಕ್ಕೇ ಅಂಟಿಕೊಂಡು ಕೂರಲಿಲ್ಲ, ಮೇಲಿನ ವರ್ಗಕ್ಕೆ ಹೋಗಿ ಅಲ್ಲೂ ಪದಕ ತಂದರು. ನನ್ನ ಪ್ರಕಾರ ಆ ಕಂಚಿಗೆ ಚಿನ್ನದಷ್ಟೇ ಬೆಲೆ ಇದೆ.

ಈಗ ತೂಕ ಇಳಿಸುವ ವಿಷಯಕ್ಕೆ ಬರೋಣ. ಎರಡು ಮೂರು ದಿನದಲ್ಲಿ ಇಳಿಯುವ ತೂಕದಲ್ಲಿ ಕೊಬ್ಬು ತೀರಾ ಕಡಿಮೆ. ಹೋಗುವುದು ನೀರು, ಮತ್ತೆ ಸ್ನಾಯುಗಳಲ್ಲಿ ಕೂಡಿಟ್ಟಿರುವ ಸಕ್ಕರೆಯ ಅಂಶ. 50 ಕೆಜಿ ಮಗುವಿನ ದೇಹದಿಂದ ಒಂದು ಲೀಟರ್ ನೀರು ಹೋದರೆ ಅದು ಮೈತೂಕದ 2 ಶೇಕಡಾ. ಅಷ್ಟಕ್ಕೇ ದಮ್ಮು ಕಡಿಮೆಯಾಗುತ್ತದೆ, ಗಮನ ಮಂಕಾಗುತ್ತದೆ. ಸೀನಿಯರ್ ಪಂದ್ಯ 4 ನಿಮಿಷ. ಸಮ ಆದರೆ ಗೋಲ್ಡನ್ ಸ್ಕೋರ್, ಅಂದರೆ ಮೊದಲು ಅಂಕ ಪಡೆದವರು ಗೆಲ್ಲುವ ಹೆಚ್ಚುವರಿ ಆಟ, ಅದಕ್ಕೆ ಸಮಯದ ಮಿತಿಯೇ ಇಲ್ಲ. ಒಂದೇ ದಿನ ನಾಲ್ಕೈದು ಪಂದ್ಯ ಆಡಬೇಕಾಗಬಹುದು. ನೀರಿಲ್ಲದ ದೇಹ ಮೊದಲನೇ ಪಂದ್ಯ ಹೇಗೋ ಮುಗಿಸುತ್ತದೆ. ಮೂರನೆಯದರಲ್ಲಿ ಕಾಲು ಇಡಬೇಕಾದ ಜಾಗದಲ್ಲಿ ಇಡುವುದಿಲ್ಲ. ಮಂಡಿ ತಿರುಗುವುದು ಆಗಲೇ.

ಅಂತರರಾಷ್ಟ್ರೀಯ ಜೂಡೋ ಒಕ್ಕೂಟಕ್ಕೂ ಇದು ಗೊತ್ತು. ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಮಾರನೇ ದಿನ ಬೆಳಿಗ್ಗೆ ಕೆಲವರನ್ನು ಚೀಟಿ ಎತ್ತಿ ಮತ್ತೆ ತೂಗುತ್ತಾರೆ. ಆಗ ವರ್ಗದ ಮಿತಿಗಿಂತ 5 ಶೇಕಡಾಕ್ಕಿಂತ ಹೆಚ್ಚಿದ್ದರೆ ಆಡುವ ಹಾಗಿಲ್ಲ. ಸಂಜೆ ಒಣಗಿಸಿ, ರಾತ್ರಿಯಿಡೀ ತುಂಬಿಸಿಕೊಳ್ಳುವ ಆಟಕ್ಕೆ ಹಾಕಿದ ಕಡಿವಾಣ ಇದು. 1996ರಲ್ಲಿ ದಕ್ಷಿಣ ಕೊರಿಯಾದ ಚುಂಗ್ ಸೆ-ಹೂನ್ ಅಟ್ಲಾಂಟಾ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದಾಗ, ತೂಕ ಇಳಿಸುವ ಹೊತ್ತಿನಲ್ಲೇ ಹೃದಯ ನಿಂತು ತೀರಿಕೊಂಡರು. ವಯಸ್ಸು 22. ಕೊರಿಯಾದಂಥ ದೊಡ್ಡ ಜೂಡೋ ದೇಶದಲ್ಲಿ ಆಗಿದ್ದು ಇದು. ನಮ್ಮೂರಿನ ಮಗುವಿನ ಪಕ್ಕದಲ್ಲಿ ಆ ಹೊತ್ತಿಗೆ ಯಾರಿರುತ್ತಾರೆ ಹೇಳಿ.

ಇನ್ನೊಂದು ಭಯ ನನಗಿದೆ. ಮೆಡಿಕಲ್ ಸ್ಟೋರ್‌ನಿಂದ ಮೂತ್ರ ಹೆಚ್ಚಿಸುವ ಮಾತ್ರೆ ತಂದು ನುಂಗುವುದು. ಬಿಪಿಗೆ, ಕಾಲು ಊತಕ್ಕೆ ಡಾಕ್ಟರು ಬರೆಯುವ ಮಾತ್ರೆ ಅದು. ಆಟಗಾರರಿಗೆ ಈ ಜಾತಿಯ ಔಷಧಿಗಳು ಪೂರ್ತಿ ನಿಷಿದ್ಧ. ಪರೀಕ್ಷೆಯಲ್ಲಿ ಸಿಕ್ಕಿದರೆ ಡೋಪಿಂಗ್ ಎಂದೇ ಲೆಕ್ಕ. ಆಟ ಶುರುವಾಗುವ ಮೊದಲೇ ಮುಗಿದುಹೋಗಬಹುದು. ಅದಕ್ಕಿಂತ ಮೊದಲು ಮೂತ್ರಪಿಂಡ, ಹೃದಯದ ಚಿಂತೆ ಇದೆ.

ಮಂಡಿಯ ವಿಷಯ ಬಿಡಿಸಿ ಹೇಳಬೇಕು. ಜೂಡೋದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಎದುರಾಳಿಯನ್ನು ಎತ್ತಿ ತಿರುಗಿಸುತ್ತಾರೆ. ಅದೇ ಹೊತ್ತಿಗೆ ಎದುರಾಳಿ ಪಕ್ಕದಿಂದ ಬಿದ್ದರೆ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯಬಹುದು. ಆಪರೇಷನ್ ಮಾಡಿಸಿಕೊಂಡ ಮೇಲೆ ಮತ್ತೆ ಪಂದ್ಯಕ್ಕೆ ಇಳಿಯಲು ಕನಿಷ್ಠ ಒಂಬತ್ತು ತಿಂಗಳು ಬೇಕು. ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯದ ಅಪಾಯ ಹೆಚ್ಚು.

ಸೀನಿಯರ್ ಆಟಗಾರರಿಗೆ ಒಂಬತ್ತು ತಿಂಗಳು ಅಂದರೆ ಏನು ಗೊತ್ತಾ? ಒಲಿಂಪಿಕ್ಸ್‌ಗೆ ಹೋಗುವುದು ವಿಶ್ವ ರ‍್ಯಾಂಕಿಂಗ್ ಮೇಲೆ. ಗ್ರ್ಯಾಂಡ್ ಸ್ಲಾಮ್ ಎಂಬ ದೊಡ್ಡ ಅಂತರರಾಷ್ಟ್ರೀಯ ಪಂದ್ಯಾವಳಿ ಗೆದ್ದರೆ 1000 ಅಂಕ, ವಿಶ್ವ ಚಾಂಪಿಯನ್‌ಷಿಪ್ ಗೆದ್ದರೆ 2000. ಒಂದು ವರ್ಷ ಕಳೆದರೆ ಆ ಅಂಕ ಅರ್ಧವಾಗುತ್ತದೆ. ಪ್ಯಾರಿಸ್‌ಗೆ ಪ್ರತಿ ವರ್ಗದಲ್ಲಿ ಮೊದಲ 17 ಜನಕ್ಕೆ ನೇರ ಪ್ರವೇಶ ಇತ್ತು, ಒಂದು ದೇಶಕ್ಕೆ ಒಂದೇ ಜಾಗ. ಹಾಗಾಗಿ ತಾಷ್ಕೆಂಟ್, ಟಿಬಿಲಿಸಿ, ಅಬುಧಾಬಿ, ಉಲಾನ್‌ಬಾತರ್ ಎಂದು ವರ್ಷವಿಡೀ ಓಡುತ್ತಲೇ ಇರಬೇಕು. ಮನೆಯಲ್ಲಿ ಕುಳಿತ ತಿಂಗಳುಗಳಲ್ಲಿ ಅಂಕ ಕರಗುತ್ತದೆ. ಅದಕ್ಕೇ ಪೂರ್ತಿ ವಾಸಿಯಾಗದ ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡುವವರನ್ನು ನೀವು ಟಿವಿಯಲ್ಲಿ ನೋಡುತ್ತೀರಿ. ಆ ಒತ್ತಡವನ್ನು ತಡೆಯುವ ತೊಡೆ, ಸೊಂಟ, ಮೂಳೆ ಕಟ್ಟುವ ಕಾಲ ಹದಿಹರೆಯ. ಅಡಿಪಾಯಕ್ಕೆ ಸಿಮೆಂಟ್ ಹಾಕುವ ಹೊತ್ತಿನಲ್ಲಿ ಉಳಿತಾಯ ಮಾಡಿದ ಮನೆ ಹೇಗಿರುತ್ತದೋ, ಆ ವಯಸ್ಸಲ್ಲಿ ಹಸಿದ ದೇಹವೂ ಹಾಗೇ.

ಜೂಡೋ ಹುಟ್ಟಿದ ಜಪಾನಿನಲ್ಲೇ 2022ರಲ್ಲಿ ಒಂದು ದೊಡ್ಡ ನಿರ್ಧಾರ ಆಯಿತು. ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರಮಟ್ಟದ ಪಂದ್ಯಾವಳಿಯನ್ನು ಅಲ್ಲಿನ ಜೂಡೋ ಒಕ್ಕೂಟ ನಿಲ್ಲಿಸಿಬಿಟ್ಟಿತು. ಗೆಲ್ಲಲೇಬೇಕೆಂಬ ಹಟ ಅತಿಯಾಗಿದೆ, ಅಷ್ಟು ಚಿಕ್ಕ ಮಕ್ಕಳಿಗೂ ತೂಕ ಇಳಿಸುತ್ತಿದ್ದಾರೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಒಲಿಂಪಿಕ್ಸ್ ಜೂಡೋದಲ್ಲಿ ಅತಿ ಹೆಚ್ಚು ಚಿನ್ನ ಗೆದ್ದ ದೇಶ ಇದನ್ನು ಮಾಡಿತು. ನಾವು ಜಿಲ್ಲಾ ಮಟ್ಟದ ಸರ್ಟಿಫಿಕೇಟ್‌ಗೆ ಮಗುವಿನ ಮುದ್ದೆ ಕಿತ್ತುಕೊಳ್ಳುತ್ತೇವೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಕೋಚ್‌ಗಳನ್ನು ದೂರುವುದು ಸುಲಭ. ಆದರೆ ಶಾಲೆಗೆ ಮೆಡಲ್ ಬೇಕು, ಹಾಸ್ಟೆಲ್ ಆಯ್ಕೆಗೆ ಮೆಡಲ್ ಬೇಕು, ಮುಂದೆ ಕ್ರೀಡಾ ಕೋಟಾಕ್ಕೂ ಮೆಡಲ್ ಬೇಕು. ಆ ಒತ್ತಡ ಅವರ ಮೇಲೂ ಇದೆ.

ಹಾಗಾದರೆ ಏನು ಮಾಡಬೇಕು? ಮಗು ಯಾವ ತೂಕದಲ್ಲಿ ಚೆನ್ನಾಗಿ ನಿದ್ದೆ ಮಾಡಿ, ಚೆನ್ನಾಗಿ ಓದಿ, ಚೆನ್ನಾಗಿ ಅಭ್ಯಾಸ ಮಾಡುತ್ತದೋ ಅದೇ ಅದರ ವರ್ಗ. ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಎತ್ತರ ಏರುತ್ತಾ ತೂಕ ಅಲ್ಲೇ ನಿಂತಿದ್ದರೆ ಅದು ಶಿಸ್ತಲ್ಲ, ಕೊರತೆ. ರಾಗಿ ಮುದ್ದೆ, ಹುರುಳಿ ಸಾರು, ಮೊಟ್ಟೆ, ಮೊಸರು, ಕಡಲೆಬೀಜ ಸಾಕು. ದುಬಾರಿ ಪೌಡರ್ ಡಬ್ಬ ಬೇಕಾಗಿಲ್ಲ. ಮೇಲಿನ ವರ್ಗದಲ್ಲಿ ಒಂದು ವರ್ಷ ಸೋತರೂ ಸೋಲಲಿ. ಆ ವರ್ಷದಲ್ಲಿ ಹಿಡಿತ ಗಟ್ಟಿಯಾಗುತ್ತದೆ, ಬೀಳುವುದು ಸರಿಯಾಗಿ ಬರುತ್ತದೆ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು ಬೇರೆಯಾಗಿ. ನಿಯಮಿತವಾಗಿದ್ದ ಮುಟ್ಟು ಮೂರು ತಿಂಗಳು ನಿಂತರೆ 'ಆಟ ಆಡೋರಿಗೆ ಹಾಗೇ ಅಲ್ವಾ' ಎಂದು ಸುಮ್ನೆ ಬಿಡಬೇಡಿ. ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಹಾಗೇ ಮುಂದುವರಿದರೆ ಮೂಳೆ ಸವೆಯುತ್ತದೆ, ಸಣ್ಣ ಬಿರುಕುಗಳು ಬರುತ್ತವೆ. ಮಂಡಿ ತೋರಿಸಲು ನನ್ನ ಹತ್ತಿರ ಬಂದಾಗ ಇದನ್ನೂ ಸಂಕೋಚ ಬಿಟ್ಟು ಹೇಳಿ. ಆದರೆ ಅದಕ್ಕಿಂತ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ, ಪಂದ್ಯ ಮುಗಿಯಲಿ ಎಂದು ಕಾಯಬೇಡಿ.